ತಂದೆಯವರ ಕಾಲಿನ ಬಾವನ್ನು ಗುರುತಿಸಿದ ಸಹೋದರಿಗೆ

ಕ್ಷಯರೋಗದ ಮಾತ್ರೆ ಪಡೆಯಲು ಸಾಲಿನಲ್ಲಿ ನಿಂತಿದ್ದ ನಮ್ಮ ತಂದೆಯವರನ್ನು ಬೆಂಚಿನ ಮೇಲೆ ಕೂರಿಸಿ, ಸೀರೆಯ ಸೆರಗಿನಿಂದಲೇ ಎರಡೂ ಮೀನಖಂಡಗಳ ಸುತ್ತಳತೆ ತೆಗೆದು, "ಎಡಗಾಲು ಮಾತ್ರ ಊದಿದೆ, ಇವತ್ತೇ ಡಾಪ್ಲರ್ ಸ್ಕ್ಯಾನ್ (ರಕ್ತನಾಳಗಳ ಸ್ಕ್ಯಾನ್) ಮಾಡಿಸಿ" ಎಂದು ಹೇಳಿದ ಸಹೋದರಿಗೆ, ಹೆಸರು ತಿಳಿಯದ ಕಾರಣ, ಇಲ್ಲಿ ಕೃತಜ್ಞತೆ ಸಲ್ಲಿಸುತ್ತಿದ್ದೇನೆ.

ತೊಡೆಯ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆ ಗಡ್ಡೆಯ ಚೂರು ಕಳಚಿ ಶ್ವಾಸಕೋಶ ಸೇರಿದ್ದರೆ ಪ್ರಾಣಕ್ಕೇ ಅಪಾಯವಿತ್ತು. ಕ್ಷಯದ ದೀರ್ಘಕಾಲದ ಉರಿಯೂತದಿಂದ ರಕ್ತದಲ್ಲಿ ಹೆಪ್ಪುಗಟ್ಟಲು ನೆರವಾಗುವ ಫೈಬ್ರಿನೋಜನ್ ಏರುತ್ತದೆ, ಹೆಪ್ಪುಗಟ್ಟುವಿಕೆಯನ್ನು ತಡೆಯುವ ಆಂಟಿಥ್ರಾಂಬಿನ್ ಕುಗ್ಗಬಹುದು. ಜೊತೆಗೆ ರೋಗಿ ವಾರಗಟ್ಟಲೆ ಹಾಸಿಗೆ ಹಿಡಿದರೆ ಕಾಲಿನ ರಕ್ತಸಂಚಾರವೂ ನಿಧಾನವಾಗುತ್ತದೆ. ಕೆಮ್ಮು, ಜ್ವರ, ತೂಕ ಇಳಿಕೆಗಳ ಬಗ್ಗೆ ಎಲ್ಲೆಡೆ ಹೇಳುತ್ತಾರೆ. ಕಾಲಿನ ಬಾವಿನ ಬಗ್ಗೆಯೂ ಹೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

"ರಿಫಾಂಪಿಸಿನ್ ನಡೆಯುತ್ತಿದೆಯೆಂದು ಆ ವೈದ್ಯರಿಗೆ ತಪ್ಪದೆ ತಿಳಿಸಿ" ಎಂಬ ತಮ್ಮ ಇನ್ನೊಂದು ಮಾತು ಅಷ್ಟೇ ಅಮೂಲ್ಯವಾಗಿತ್ತು. ಕ್ಷಯದ ಈ ಔಷಧವು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್‌ನ ಪರಿಣಾಮವನ್ನು ತಗ್ಗಿಸುವುದರಿಂದ, ವೈದ್ಯರು ಮೊದಲು ಹೆಪ್ಪುಗಟ್ಟುವುದನ್ನೇ ತಡೆಯುವ ಹೆಪಾರಿನ್ ಚುಚ್ಚುಮದ್ದು ಕೊಟ್ಟು, ಬಳಿಕ ರಕ್ತ ಹೆಪ್ಪುಗಟ್ಟಲು ಎಷ್ಟು ಸಮಯ ಹಿಡಿಯುತ್ತದೆಂದು ತೋರಿಸುವ ಐಎನ್‌ಆರ್ ಪರೀಕ್ಷೆಯನ್ನು ಮೇಲಿಂದ ಮೇಲೆ ಮಾಡಿಸಿ ವಾರ್ಫರಿನ್ ಪ್ರಮಾಣವನ್ನು ಹೆಚ್ಚಿಸಿದರು. ಕ್ಷಯದ ಮಾತ್ರೆಗಳನ್ನು ಒಂದು ದಿನವೂ ನಿಲ್ಲಿಸಲಿಲ್ಲ. ರಿಫಾಂಪಿಸಿನ್ ಮುಗಿದ ಮೇಲೆ ವಾರ್ಫರಿನ್‌ನ ಪರಿಣಾಮ ಹೆಚ್ಚಾಗಿ ರಕ್ತಸ್ರಾವವಾಗದಂತೆ ಪ್ರಮಾಣವನ್ನು ಮತ್ತೆ ಇಳಿಸಬೇಕೆಂದೂ ತಿಳಿಸಿದ್ದಾರೆ.

ತಂದೆಯವರ ಕಾಲಿನ ಬಾವು ಈಗ ಇಳಿದಿದೆ. ತಮ್ಮನ್ನು ಕಂಡು ಕೈಮುಗಿಯಬೇಕೆಂದು ಅವರು ಹಂಬಲಿಸುತ್ತಿದ್ದಾರೆ.