ಗೆಳೆಯನಿಗೊಂದು ಪತ್ರ: ಕೂಗಿದ ಹುಡುಗ, ಕೂಗದ ನಾನು

ಗೆಳೆಯಾ,

ನಿನ್ನ ಮೆಸೇಜ್ ಓದಿದೆ. "ಟೇಬಲ್ ಟೆನಿಸ್ ಟೂರ್ನಮೆಂಟ್ ಸಹವಾಸ ಸಾಕು, ಬ್ಯಾಟನ್ನು ಅಟ್ಟಕ್ಕೆ ಹಾಕಿದೆ" ಅಂತ ಬರೆದಿದ್ದೀಯ. ಮಗನಿಗಿಂತ ಚಿಕ್ಕ ಹುಡುಗನ ಕೈಲಿ ಸೋತಿದ್ದಕ್ಕೆ ಬೇಜಾರಿಲ್ಲ, ಅವನು ಪಾಯಿಂಟ್ ಪಾಯಿಂಟಿಗೂ ಕಿವಿ ಕಿತ್ತುಹೋಗುವ ಹಾಗೆ ಕೂಗಿದ್ದಕ್ಕೆ ಸಿಟ್ಟು ಅನ್ನುತ್ತೀಯ. ಅರ್ಧ ನಂಬುತ್ತೇನೆ.

ಆ ಮ್ಯಾಚ್ ನಾನೂ ನೋಡಿದೆ ಮಾರಾಯ. ಸೋತವನೇ ಮುಂದಿನ ಮ್ಯಾಚಿಗೆ ಅಂಪೈರ್ ಆಗಬೇಕು ಅನ್ನೋದು ನಮ್ಮ ಹಳೇ ಪದ್ಧತಿ ಅಲ್ವಾ, ನಾನು ಮೊದಲ ಸುತ್ತಿನಲ್ಲೇ ಸೋತು ಪಕ್ಕದ ಟೇಬಲ್ಲಿನಲ್ಲಿ ಸ್ಕೋರ್ ಬೋರ್ಡ್ ತಿರುಗಿಸುತ್ತಾ ಕೂತಿದ್ದೆ. ನನ್ನ ಟೇಬಲ್ಲಿನ ಸ್ಕೋರಿಗಿಂತ ನಿನ್ನ ಮುಖ ಜಾಸ್ತಿ ನೋಡಿದೆ. ನೀನು ಸರ್ವಿಸನ್ನು ನೆಟ್ಟಿಗೆ ಹೊಡೆದಾಗಲೂ ಹುಡುಗ ಮುಷ್ಟಿ ಎತ್ತಿ "ಚೋ!" ಅಂದ. ಅದು ತಪ್ಪು. ಅದರಲ್ಲಿ ನಾನು ಪೂರ್ತಿ ನಿನ್ನ ಕಡೆ. ಎದುರಿನವನು ಎಡವಿ ಬಿದ್ದರೆ ಚಪ್ಪಾಳೆ ತಟ್ಟಿದ ಹಾಗೆ ಅದು. ಬಾಲ್ ಇನ್ನೂ ಆಟದಲ್ಲಿರುವಾಗಲೇ ಒಂದು ಸಲ ಕಿರುಚಿದ, ಅದಂತೂ ಅಂಪೈರ್ ನಿಲ್ಲಿಸಬೇಕಾಗಿತ್ತು.

ಆದರೆ ನಿನ್ನ ಮೆಸೇಜಿನಲ್ಲಿ ಇಲ್ಲದ ಒಂದು ವಿಷಯ ಇದೆ. ನಾಲ್ಕನೇ ಗೇಮ್, 8-8. ನೀನು ಹೊಡೆದ ಬಾಲ್ ಅವನ ಎಡಗಡೆ ಅಂಚನ್ನು ಸವರಿಕೊಂಡು ಹೋಯಿತು. ಅಂಪೈರ್ ಅದನ್ನು ಔಟ್ ಅಂದುಕೊಂಡು ಅವನ ಕಡೆ ಕೈ ಎತ್ತಿದರು. ಹುಡುಗ ಟೇಬಲ್ಲಿನ ಅಂಚಿಗೆ ಬೆರಳಿಟ್ಟು, "ಎಡ್ಜ್ ಸರ್, ಪಾಯಿಂಟ್ ಅವರದು" ಅಂದ. ಆಗ ಅವನು ಕೂಗಲಿಲ್ಲ. ನೀನು ಥ್ಯಾಂಕ್ಸ್ ಕೂಡ ಹೇಳದೆ ಸರ್ವಿಸಿಗೆ ಬಾಲ್ ಎತ್ತಿಕೊಂಡೆ. 9-8 ಆಯಿತು. ಆಮೇಲೆ ಸೋತೆ, ಅದು ಬೇರೆ.

ಕೂಗಾಟ ಅವನ ಮನೆಯ ಆಸ್ತಿ ಏನಲ್ಲ. ಅವನು ಕೂಗಿದ "ಚೋ" ಯೂಟ್ಯೂಬಿನಲ್ಲಿ ಚೀನಾ, ಜಪಾನಿನ ಆಟ ನೋಡಿ ಕಲಿತದ್ದು. ಜಪಾನಿನ ಆಯ್ ಫುಕುಹಾರಾ "ಸಾ!" ಅನ್ನುತ್ತಿದ್ದಳು. ಅದೇ ದೇಶದ ತೊಮೊಕಾಜು ಹರಿಮೊಟೊನ "ಚೋರೇ!" ಅಂತೂ ಆಟಕ್ಕಿಂತ ಮುಂಚೆ ಹೆಸರು ಮಾಡಿತು. 2017ರಲ್ಲಿ ಚೆಕ್ ಓಪನ್ ಗೆದ್ದಾಗ ಆ ಹುಡುಗನಿಗೆ ಬರೀ 14 ವರ್ಷ. ಫೈನಲ್ಲಿನಲ್ಲಿ ಸೋತವರು ಯಾರು ಗೊತ್ತಾ? ಜರ್ಮನಿಯ ಟಿಮೊ ಬೋಲ್. ಆಗ ಅವರಿಗೆ 36. ಅಂದರೆ ಕೂಗುವ ಪೋರನ ಕೈಲಿ ಸೋತ ದೊಡ್ಡವರ ಸಾಲಿನಲ್ಲಿ ನೀನೊಬ್ಬನೇ ಇಲ್ಲ. ಬೋಲ್ ವಿಷಯಕ್ಕೆ ಮತ್ತೆ ಬರುತ್ತೇನೆ, ಈ ಪತ್ರ ಬರೆಯಲು ಕೂತದ್ದೇ ಅದಕ್ಕೆ.

ನಮ್ಮ ಕಾಲದಲ್ಲಿ ಗೇಮ್ 21ಕ್ಕೆ ಇತ್ತು, ಒಬ್ಬೊಬ್ಬರಿಗೆ ಐದೈದು ಸರ್ವಿಸ್. ನಾಲ್ಕು ಪಾಯಿಂಟ್ ಹೋದರೂ ನೀನು ಬನಿಯನ್ನಿನ ತುದಿಯಲ್ಲಿ ಮುಖ ಒರೆಸಿಕೊಂಡು ನಿಧಾನಕ್ಕೆ ಬರುತ್ತಿದ್ದೆ. 2001ರಿಂದ 11ಕ್ಕೇ ಮುಗಿಯುತ್ತದೆ, ಸರ್ವಿಸ್ ಎರಡೆರಡೇ. ಕಣ್ಣು ಮಿಟುಕಿಸುವುದರೊಳಗೆ 5-1. ಈ ಮಕ್ಕಳು ಎದೆಯೊಳಗಿನ ಹೆದರಿಕೆಯನ್ನು ಬಾಯಿಂದ ಹೊರಗೆ ಹಾಕುತ್ತಾರೆ ಅಂತ ನನ್ನ ಲೆಕ್ಕ. ಮಿತಿ ಮೀರಿದರೆ ನಿಯಮ ಇದ್ದೇ ಇದೆ. ಮೊದಲ ಸಲ ಹಳದಿ ಕಾರ್ಡ್, ಎರಡನೇ ಸಲ ಎದುರಾಳಿಗೆ ಒಂದು ಪಾಯಿಂಟ್, ಮತ್ತೆ ಮಾಡಿದರೆ ಎರಡು. ಆದರೆ ನಮ್ಮ ಹಾಲ್‌ನಲ್ಲಿ ಕಾರ್ಡ್ ಎಲ್ಲಿಂದ ಬರಬೇಕು? ಸೋತು ಸುಣ್ಣವಾಗಿ ಅಂಪೈರ್ ಕುರ್ಚಿಯಲ್ಲಿ ಕೂತವನಿಗೆ ಬೇಗ ಮನೆಗೆ ಹೋಗಬೇಕು, ಅಷ್ಟೇ.

ಗೆದ್ದವರು ಹದ್ದು ಮೀರಿದ್ದೂ ಇದೆ. 2014ರ ವಿಶ್ವಕಪ್ಪಿನಲ್ಲಿ ಚೀನಾದ ಝಾಂಗ್ ಜಿಕೆ ಫೈನಲ್ ಗೆದ್ದ ಖುಷಿಗೆ ಸುತ್ತ ಇಟ್ಟಿದ್ದ ಬೋರ್ಡುಗಳನ್ನು ಒದ್ದು ಮುರಿದ. ಬಹುಮಾನದ 45,000 ಡಾಲರ್ ಪೂರ್ತಿ ಹೋಯಿತು. ಬೋರ್ಡಿಗೆ ಬಾಯಿಲ್ಲ, ಆದರೂ ದಂಡ ಬಿತ್ತು.

ಇನ್ನು ಸದ್ದಿನ ವಿಷಯ. ನೀನೇ ಅದನ್ನು ಎತ್ತಿದ್ದೀಯ, ಹಾಗಾಗಿ ಕೇಳುತ್ತೇನೆ. ಎಂಬತ್ತರ ದಶಕದಲ್ಲಿ ಸರ್ವಿಸ್ ಮಾಡುವಾಗ ನೀನು ಕಾಲು ಕುಟ್ಟುತ್ತಿದ್ದೆಯಲ್ಲ, ನೆನಪಿದೆಯಾ? ನಿನ್ನ ಬ್ಯಾಟಿನ ಎರಡೂ ಬದಿಗೆ ಒಂದೇ ಬಣ್ಣದ ರಬ್ಬರ್. ಒಂದು ಸ್ಪಿನ್ ಹಿಡಿಯುವಂಥದ್ದು, ಇನ್ನೊಂದು ಸ್ಪಿನ್ನನ್ನೇ ಕೊಲ್ಲುವ ಆಂಟಿಸ್ಪಿನ್. ಕಣ್ಣಿಗೆ ವ್ಯತ್ಯಾಸ ಕಾಣದು, ಕಿವಿಗೆ ಮಾತ್ರ ಗೊತ್ತಾಗುತ್ತಿತ್ತು. ಆಂಟಿಸ್ಪಿನ್‌ಗೆ ತಾಗಿದ ಬಾಲ್ ಮಂಕಾಗಿ "ಡಬ್" ಅನ್ನುತ್ತಿತ್ತು. ಆ ಸದ್ದು ಮುಚ್ಚಲು ನೀನು ಧಪ್ ಅಂತ ಕಾಲು ಕುಟ್ಟುತ್ತಿದ್ದೆ. ಕಾಲೇಜಿನ ಮರದ ನೆಲ ಇಡೀ ಅದುರುತ್ತಿತ್ತು. 1986ರಲ್ಲಿ ಒಂದು ಬದಿ ಕೆಂಪು, ಒಂದು ಬದಿ ಕಪ್ಪು ಕಡ್ಡಾಯ ಆಗುವವರೆಗೂ ಆ ಆಟ ನಡೆಯಿತು. (ಈಗ ಒಂದು ಬದಿ ಕಪ್ಪಿದ್ದರೆ ಸಾಕು, ಇನ್ನೊಂದು ಗುಲಾಬಿಯೂ ಆಗಬಹುದು. ಆ ಹುಡುಗನದು ಗುಲಾಬಿಯೇ, ನೋಡಿದೆಯಾ?) ಅವನ ಕೂಗಿನಲ್ಲಿ ಮುಚ್ಚುಮರೆ ಏನೂ ಇಲ್ಲ. ನಿನ್ನ ಕಾಲು ಕುಟ್ಟುವುದರಲ್ಲಿ ಇತ್ತು. ನಾನು ನಿನ್ನ ಡಬಲ್ಸ್ ಜೊತೆಗಾರ ಆಗಿದ್ದರಿಂದ ಆಗ ಸುಮ್ನೆ ಇದ್ದೆ.

ಸುಮ್ನೆ ಇರುವುದರಲ್ಲಿ ನಾನು ಪಳಗಿದವನು ಬಿಡು.

2005ರಲ್ಲಿ ಶಾಂಘೈನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಟಿಮೊ ಬೋಲ್ ಎದುರು ಚೀನಾದ ಲಿಯು ಗುವೊಝೆಂಗ್, ಅದೂ ಅವರ ಮನೆಯಂಗಳದಲ್ಲಿ. ಬೋಲ್‌ಗೆ ಮ್ಯಾಚ್ ಪಾಯಿಂಟ್. ಲಿಯು ಹೊಡೆದ ಬಾಲ್ ಹೊರಗೆ ಅಂತ ಅಂಪೈರ್ ತೀರ್ಪು ಕೊಟ್ಟಾಯಿತು. ಅಲ್ಲಿಗೆ ಮ್ಯಾಚ್ ಮುಗಿದಂತೆ. ಬೋಲ್ ಮಾತ್ರ ಇಲ್ಲ, ಬಾಲ್ ಅಂಚಿಗೆ ತಾಗಿದೆ ಅಂತ ತೋರಿಸಿ ಪಾಯಿಂಟನ್ನು ಲಿಯುಗೆ ಬಿಟ್ಟುಕೊಟ್ಟರು. ಆಟ ಮುಂದುವರಿಯಿತು. ಬೋಲ್ ಸೋತರು.

ಈ ಕಥೆಯನ್ನು ನಾನು ಎಷ್ಟು ಜನ ಹುಡುಗರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೋದ ವರ್ಷದಿಂದ ಹೇಳುತ್ತಿಲ್ಲ.

ಹೋದ ವರ್ಷದ ವೆಟರನ್ಸ್ ಫೈನಲ್, ಐದನೇ ಗೇಮ್, 10-9. ನಾನು ಮುಂದಿದ್ದೆ. ಎದುರಿನವರು ಟಾಪ್‌ಸ್ಪಿನ್ ಹೊಡೆದರು. ಬಾಲ್ ನನ್ನ ಬಲಗಡೆ ಕೆಳಗಿಳಿಯಿತು. ಮೇಲಿನ ಅಂಚಿಗೆ ತಾಗಿದರೆ ಒಳಗೆ, ಅದರ ಕೆಳಗಿನ ಪಕ್ಕಕ್ಕೆ ತಾಗಿದರೆ ಹೊರಗೆ. ನಡುವೆ ಕೂದಲೆಳೆ ಅಂತರ. ಹತ್ತಿರ ನಿಂತವನಿಗೆ ಮಾತ್ರ ಸರಿಯಾಗಿ ತಿಳಿಯುತ್ತದೆ. ನನಗೆ ತಿಳಿಯಿತು. "ಟಿಕ್" ಅಂತು, ದಿಕ್ಕು ಬದಲಿಸಿ ಮೇಲಕ್ಕೆ ಚಿಮ್ಮಿತು. ಪಕ್ಕಕ್ಕೆ ತಾಗಿದ ಬಾಲ್ ಹಾಗೆ ಚಿಮ್ಮುವುದಿಲ್ಲ. ಅಂಪೈರ್ ಔಟ್ ಅಂದರು. ನಾನು ಕೂಗಲಿಲ್ಲ, ಮುಷ್ಟಿ ಎತ್ತಲಿಲ್ಲ. ತಲೆ ತಗ್ಗಿಸಿ ನಡೆದುಹೋಗಿ ಕೈ ಕುಲುಕಿದೆ. "ನಿಮ್ಮಂಥ ಶಾಂತ ಆಟಗಾರರ ಜೊತೆ ಆಡೋದೇ ಒಂದು ಖುಷಿ ಸಾರ್" ಅಂದರು ಅವರು.

ನಮ್ಮನೆ ಫ್ರಿಜ್ಜಿನ ಮೇಲಿರುವ ಕಪ್ ಅದೇ. ನೀನು ಕಾಫಿ ಕುಡಿಯುತ್ತಾ "ಇದ್ಯಾವಾಗ ಬಂತೋ?" ಅಂತ ಕೇಳಿದ್ದೆ. ನಾನು ಸಕ್ಕರೆ ಸಾಕಾ ಅಂತ ಮಾತು ಮರೆಸಿದ್ದೆ.

ಭಾನುವಾರ ಆ ಹುಡುಗ ಅಂಚಿಗೆ ಬೆರಳಿಟ್ಟಾಗ ನಿನ್ನ ಮುಖ ನೋಡುವುದು ಬಿಟ್ಟು ನೆಲ ನೋಡಿದೆ. ಆಮೇಲೆ ನೀರು ಕುಡಿಯುವ ಕಡೆ ಸಿಕ್ಕಿದ. ಎದುರಿನವರ ಸರ್ವಿಸ್ ತಪ್ಪಿದಾಗ ಕೂಗಬೇಡಪ್ಪಾ ಅಂದೆ. "ಸಾರಿ ಅಂಕಲ್, ಕೂಗದಿದ್ರೆ ಕೈ ನಡುಗತ್ತೆ" ಅಂದ. ನಿನ್ನ ಲಾಂಗ್ ಪಿಂಪಲ್ ಬ್ಲಾಕ್, ಅದೇ ಉದ್ದ ಮೊನೆಗಳ ರಬ್ಬರಿನಲ್ಲಿ ಬಾಲ್ ತಡೆಯುವುದು, ಅವನಿಗೆ ಅರ್ಥವೇ ಆಗಲಿಲ್ಲವಂತೆ, ಒಂದು ದಿನ ಹೇಳಿಕೊಡುತ್ತಾರಾ ಅಂತ ಕೇಳಿದ. ಶನಿವಾರ ಸಂಜೆ ಆರಕ್ಕೆ ಬಾ ಅಂದಿದ್ದೇನೆ, ನಿನ್ನನ್ನು ಕೇಳದೆ. ಅಟ್ಟದಿಂದ ಬ್ಯಾಟ್ ಇಳಿಸು.

ಇನ್ನೊಂದು ಕೆಲಸ ಇದೆ. ಆ ಫೈನಲ್ ಸೋತವರು ನಿನ್ನ ಜೊತೆ ಬೆಳಿಗ್ಗೆ ವಾಕಿಂಗ್ ಬರುತ್ತಾರಲ್ಲ, ಅವರ ಫೋನ್ ನಂಬರ್ ಕಳಿಸು. ಯಾಕೆ ಅಂತ ಅವರಿಗೆ ಹೇಳಬೇಡ. ನಾನೇ ಹೇಳುತ್ತೇನೆ.

ಇತಿ,
ನಿನ್ನ ಹಳೇ ಡಬಲ್ಸ್ ಜೊತೆಗಾರ