ಸ್ಕೋರ್ ಗೊತ್ತಿದ್ದೂ ನೋಡುವ ಸಿನಿಮಾ

ಗೆಳೆಯಾ,

ನಿನ್ನ ಪಟ್ಟಿ ಸಿಕ್ಕಿತು. ಜಗತ್ತಿನ ನೂರು ಶ್ರೇಷ್ಠ ಸಿನಿಮಾ ಅಂತ ಬರೆದಿದ್ದೀಯ. ಅದರಲ್ಲಿ ಆಟದ ಸಿನಿಮಾ ಎಷ್ಟು? ಒಂದು. ‘ರೇಜಿಂಗ್ ಬುಲ್’. ಅದನ್ನೂ ನಿರ್ದೇಶಕ ಸ್ಕಾರ್ಸೆಸಿಯ ಮುಖ ನೋಡಿ ಸೇರಿಸಿದ್ದೀಯ, ಬಾಕ್ಸಿಂಗ್ ನೋಡಿ ಅಲ್ಲ. ಸಾಲದ್ದಕ್ಕೆ ಕೆಳಗೊಂದು ಮಾತು ಬೇರೆ: ಆಟದ ಸಿನಿಮಾದಲ್ಲಿ ಗೆಲ್ಲೋದು ಯಾರು ಅಂತ ಮೊದಲ ಹತ್ತು ನಿಮಿಷಕ್ಕೇ ಗೊತ್ತಾಗುತ್ತೆ, ಮತ್ಯಾಕೆ ಕೊನೆಯವರೆಗೆ ಕೂರಬೇಕು ಅಂತ. ಫೋನ್ ಮಾಡಿ ಜಗಳ ಆಡೋಣ ಅಂದುಕೊಂಡೆ. ಆದರೆ ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಅದಕ್ಕೇ ಈ ಪತ್ರ.

ಮೊದಲು ಒಪ್ಪಿಕೊಂಡುಬಿಡುತ್ತೇನೆ. ಮುಕ್ಕಾಲು ಪಾಲು ಸಿನಿಮಾಗಳ ಮಟ್ಟಿಗೆ ನೀನು ಹೇಳಿದ್ದು ನಿಜ. ಗತಿಯಿಲ್ಲದ ತಂಡ, ಸಿಡುಕು ಕೋಚ್, ಮಳೆಯಲ್ಲಿ ಅಭ್ಯಾಸ, ಮಧ್ಯಂತರಕ್ಕೆ ಮುಂಚೆ ಒಂದು ಜಗಳ, ಕೊನೆಯ ಕ್ಷಣಕ್ಕೆ ಸ್ಲೋ ಮೋಷನ್. ನೋಡುವಾಗ ಕಣ್ಣು ಒದ್ದೆಯಾಗುತ್ತದೆ. ಮನೆ ಸೇರುವಷ್ಟರಲ್ಲಿ ಮರೆತೂ ಹೋಗುತ್ತದೆ. ಯಾಕೆಂದರೆ ಆ ಎದೆಬಡಿತ ಸಿನಿಮಾದ ಸ್ವಂತ ದುಡಿಮೆಯಲ್ಲ, ಆಟದಿಂದ ತಂದ ಸಾಲ. ಯಾವ ಪಂದ್ಯವಾದರೂ ಅದನ್ನು ಪುಕ್ಕಟೆ ಕೊಡುತ್ತದೆ. ಟಿವಿಯಲ್ಲಿ ನಿಜವಾದ ಪಂದ್ಯವೇ ಬರುವಾಗ ಬರೆದಿಟ್ಟ ಪಂದ್ಯ ಯಾರಿಗೆ ಬೇಕು?

ಹಾಗಾಗಿ ನಾನು ಒಂದು ಪರೀಕ್ಷೆ ಇಡುತ್ತೇನೆ. ಸ್ಕೋರ್ ಮೊದಲೇ ಹೇಳಿಬಿಡು. ಆಮೇಲೂ ನಾನು ಕುರ್ಚಿ ಬಿಟ್ಟು ಏಳದಿದ್ದರೆ ಅದು ನಿನ್ನ ಪಟ್ಟಿಗೆ ಬರಬೇಕು.

‘ರಾಕಿ’ಯಿಂದಲೇ ಶುರು ಮಾಡುತ್ತೇನೆ. ನಗಬೇಡ. ಆಮೇಲೆ ಬಂದ ಭಾಗಗಳನ್ನೆಲ್ಲ ಮರೆತು 1976ರ ಮೊದಲನೆಯದನ್ನು ಮಾತ್ರ ನೆನಪಿಸಿಕೋ. ಸುಮಾರು ಹತ್ತು ಲಕ್ಷ ಡಾಲರಿನಲ್ಲಿ, ಒಂದು ತಿಂಗಳೂ ಹಿಡಿಯದೆ ಮುಗಿಸಿದ ಚಿತ್ರ. ಬಡತನ ಪರದೆಯ ಮೇಲೆ ಕಾಣುತ್ತದೆ, ಅದೇ ಅದರ ಚೆಂದ. ಬಾಕ್ಸರ್ ರಾಕಿ ತನ್ನ ಗೆಳತಿ ಏಡ್ರಿಯನ್ ಜೊತೆ ಐಸ್ ಸ್ಕೇಟಿಂಗ್‌ಗೆ ಹೋಗುವ ದೃಶ್ಯದಲ್ಲಿ ಜನಜಂಗುಳಿ ಇರಬೇಕಿತ್ತು. ಅಷ್ಟು ಜನರನ್ನು ಕರೆಸಲು ದುಡ್ಡಿರಲಿಲ್ಲ. ಅದಕ್ಕೇ ಮುಚ್ಚಿದ ಮೈದಾನದಲ್ಲಿ ಅವರಿಬ್ಬರೇ. ಅವಳು ಜಾರುತ್ತಾಳೆ, ಅವನು ಸ್ಕೇಟ್ಸ್ ಇಲ್ಲದೆ ಪಕ್ಕದಲ್ಲಿ ಓಡುತ್ತಾನೆ, ಕಾವಲುಗಾರ ಇನ್ನೆಷ್ಟು ನಿಮಿಷ ಅಂತ ಕೂಗುತ್ತಾನೆ. ಜನ ತುಂಬಿದ್ದರೆ ಆ ಪ್ರೀತಿ ನಮಗೆ ಕಾಣುತ್ತಲೇ ಇರಲಿಲ್ಲ.

ಇನ್ನೊಂದು ಹೇಳುತ್ತೇನೆ. ಪಂದ್ಯದ ಹಿಂದಿನ ರಾತ್ರಿ ರಾಕಿ ಖಾಲಿ ಸ್ಟೇಡಿಯಂಗೆ ಹೋಗಿ ತನ್ನ ದೊಡ್ಡ ಚಿತ್ರಪಟ ನೋಡುತ್ತಾನೆ. ಚಡ್ಡಿಯ ಬಣ್ಣ ತಪ್ಪಾಗಿದೆ. ಹೇಳಿದರೆ, ಪಂದ್ಯ ಏರ್ಪಡಿಸಿದವನು ಅದರಿಂದೇನು ಅಂತ ನಕ್ಕು ಹೋಗುತ್ತಾನೆ. ನಿಜಕ್ಕೂ ಅದು ಚಿತ್ರತಂಡದ ತಪ್ಪು. ತಿದ್ದಿಸುವಷ್ಟು ಹಣವಿಲ್ಲದೆ, ಚಿತ್ರಕಥೆ ಬರೆದು ರಾಕಿಯಾಗಿ ನಟಿಸಿದ ಸ್ಟಲೋನ್ ಅದನ್ನೇ ಮಾತಿಗೆ ತಂದುಬಿಟ್ಟ. ಈಗ ನೋಡಿದರೆ ಆ ಒಂದು ಚಡ್ಡಿಯಲ್ಲಿ ಇಡೀ ಕಥೆ ಇದೆ. ಇವನು ಯಾರು, ಏನು ಉಟ್ಟಿದ್ದಾನೆ, ಯಾರಿಗೂ ಬೇಕಾಗಿಲ್ಲ. ಅಲ್ಲಿಂದ ಮನೆಗೆ ಬಂದು ಏಡ್ರಿಯನ್‌ಗೆ ಹೇಳುತ್ತಾನೆ, ಗೆಲ್ಲೋಕೆ ನನ್ನ ಕೈಲಾಗಲ್ಲ, ಕೊನೆಯ ಸುತ್ತಿನವರೆಗೆ ನಿಂತಿದ್ದರೆ ಸಾಕು ಅಂತ. ಹದಿನೈದು ಸುತ್ತು ನಿಲ್ಲುತ್ತಾನೆ. ಸೋಲುತ್ತಾನೆ. ತೀರ್ಪು ಓದುವಾಗ ಅವನು ಏಡ್ರಿಯನ್ ಹೆಸರು ಕೂಗುತ್ತಿರುತ್ತಾನೆ, ತೀರ್ಪು ನಮ್ಮ ಕಿವಿಗೂ ಸರಿಯಾಗಿ ಬೀಳುವುದಿಲ್ಲ. ಸ್ಕೋರನ್ನು ಸಿನಿಮಾವೇ ಗದ್ದಲದಲ್ಲಿ ಮುಚ್ಚಿಹಾಕಿದೆ ಮಾರಾಯ! ಇದಕ್ಕಿಂತ ಇನ್ನೇನು ಬೇಕು ನಿನಗೆ?

‘ರೇಜಿಂಗ್ ಬುಲ್’ ಬಗ್ಗೆ ನಮ್ಮಲ್ಲಿ ಜಗಳವಿಲ್ಲ, ಕಾರಣದಲ್ಲಿ ಮಾತ್ರ ಇದೆ. ಇದು ಬಾಕ್ಸಿಂಗ್ ಸಿನಿಮಾ ಅಲ್ಲವೇ ಅಲ್ಲ ಅನ್ನುತ್ತೀಯ. ಬಾಕ್ಸರ್ ಪಾತ್ರಕ್ಕೆ ಡಿ ನಿರೋ ಸುಮಾರು 27 ಕೆಜಿ ದಪ್ಪಗಾಗಿದ್ದನ್ನೇ ಎಲ್ಲರೂ ಹೇಳುತ್ತಾರೆ. ನನಗೆ ನೆನಪಿರುವುದು ಆತ ಮನೆಯಲ್ಲಿ ಟಿವಿ ರಿಪೇರಿ ಮಾಡುವ ದೃಶ್ಯ. ಟಿವಿ ತಿರುವುತ್ತಾ, ಸ್ಯಾಂಡ್‌ವಿಚ್ ತಿನ್ನುತ್ತಾ, ನನ್ನ ಹೆಂಡತಿ ಜೊತೆ ಮಲಗಿದ್ದೀಯಾ ಅಂತ ಸ್ವಂತ ತಮ್ಮನನ್ನೇ ಕೇಳುತ್ತಾನೆ. ಒಮ್ಮೆ ಕೇಳಿ ಬಿಡುವುದಿಲ್ಲ. ಸುತ್ತಿ ಬಳಸಿ ಬಂದು ಮತ್ತೆ ಅಲ್ಲಿಗೇ ಹೊಡೆಯುತ್ತಾನೆ. ಎದುರಾಳಿಯನ್ನು ಮೂಲೆಗೆ ತಳ್ಳುವುದು ಹೀಗೇ ಅಲ್ವಾ? ಈ ಮನುಷ್ಯನಿಗೆ ಗೊತ್ತಿರುವುದು ಆ ಒಂದೇ ವಿದ್ಯೆ. ರಿಂಗಿನಲ್ಲಿ ಅದಕ್ಕೆ ಚಪ್ಪಾಳೆ, ಮನೆಯಲ್ಲಿ ಅದರಿಂದಲೇ ಸರ್ವನಾಶ. ಬಾಕ್ಸಿಂಗ್ ತೆಗೆದುಹಾಕು, ಆ ಮನೆಯ ಜಗಳಗಳೂ ಅರ್ಥ ಕಳೆದುಕೊಳ್ಳುತ್ತವೆ. ಎದುರಾಳಿ ರಾಬಿನ್ಸನ್ ಜೊತೆಗಿನ ಕೊನೆಯ ಪಂದ್ಯವಾದ ಮೇಲೆ ಕ್ಯಾಮೆರಾ ಗೆದ್ದವನನ್ನು ಬಿಟ್ಟು ಹಗ್ಗದ ಮೇಲೆ ಸರಿದು, ಅಲ್ಲಿಂದ ತೊಟ್ಟಿಕ್ಕುವ ರಕ್ತದ ಮೇಲೆ ನಿಲ್ಲುತ್ತದೆ. ಸ್ಕೋರ್ ಬೋರ್ಡಿಗೆ ತಿಳಿಯದ ವಿಷಯ ಅದು.

‘ಚಾರಿಯಟ್ಸ್ ಆಫ್ ಫೈರ್’ ನನಗೆ ಬೇಡ. ಆಸ್ಕರ್ ಬಂದಿರಬಹುದು. ಸಂಗೀತ ತೆಗೆದರೆ ಕಡಲತೀರದಲ್ಲಿ ಬಿಳಿ ಬಟ್ಟೆ ಹಾಕಿಕೊಂಡ ಹುಡುಗರು ಓಡುತ್ತಾರೆ, ಅಷ್ಟೇ.

‘ಹೂಪ್ ಡ್ರೀಮ್ಸ್’ ನೋಡಿಲ್ಲ ಅಂತ ಹೋದ ಸಲ ನೀನು ಹೇಳಿದ್ದೆ. ಇನ್ನೂ ನೋಡಿಲ್ಲವಾದರೆ ನಿನ್ನ ಪಟ್ಟಿಗೆ ಬೆಲೆಯೇ ಇಲ್ಲ. 1994ರ ಸಾಕ್ಷ್ಯಚಿತ್ರ. ಅರ್ಧ ಗಂಟೆಯ ಚಿತ್ರ ಮಾಡಲು ಹೊರಟವರು ಷಿಕಾಗೋದ ಇಬ್ಬರು ಬಾಸ್ಕೆಟ್‌ಬಾಲ್ ಹುಡುಗರ ಹಿಂದೆ ಐದು ವರ್ಷ ಅಲೆದರು. ಸುಮಾರು 250 ಗಂಟೆ ಚಿತ್ರೀಕರಿಸಿ ಮೂರು ಗಂಟೆಗೆ ಇಳಿಸಿದರು. ನೀನು ಪಂದ್ಯಗಳಿಗಾಗಿ ಕಾಯುತ್ತಾ ಕೂರುತ್ತೀಯ. ಆದರೆ ಎದೆಗೆ ನಾಟುವುದು ಆರ್ಥರ್ ಎಂಬ ಹುಡುಗನ ತಾಯಿ. ಮನೆಯ ಕರೆಂಟ್ ಕತ್ತರಿಸಿಕೊಂಡು ಹೋಗಿದ್ದ ಸಂಸಾರ ಅದು. ಆಕೆ ನರ್ಸಿಂಗ್ ಸಹಾಯಕಿಯ ತರಬೇತಿಗೆ ಸೇರಿರುತ್ತಾಳೆ. ತರಗತಿಗೇ ಹೆಚ್ಚು ಅಂಕ ತನಗೆ ಬಂದಿದೆ ಅಂತ ಗೊತ್ತಾದಾಗ ತಡೆಯಲಾಗದೆ ಅಳುತ್ತಾಳೆ. ಚಪ್ಪಾಳೆ ತಟ್ಟಲು ಅಲ್ಲಿ ಇರುವವರು ಬೆರಳೆಣಿಕೆಯ ಜನ. ಮಗನ ಆಟಕ್ಕೆ ಗ್ಯಾಲರಿ ತುಂಬುತ್ತದೆ, ತಾಯಿಯ ಗೆಲುವಿಗೆ ಖಾಲಿ ಕೋಣೆ. ನಿರ್ದೇಶಕ ಸ್ಟೀವ್ ಜೇಮ್ಸ್ ಅದರ ಬಗ್ಗೆ ಒಂದು ಮಾತೂ ಹೇಳುವುದಿಲ್ಲ, ಸುಮ್ನೆ ತೋರಿಸುತ್ತಾರೆ. ಇದು ಆಸ್ಕರ್‌ನ ಸಾಕ್ಷ್ಯಚಿತ್ರ ವಿಭಾಗಕ್ಕೆ ನಾಮನಿರ್ದೇಶನವೂ ಆಗಲಿಲ್ಲ. ಆ ಗಲಾಟೆಯ ಕಥೆ ಇನ್ನೊಂದು ಸಲ.

ಇನ್ನು ‘ಆಫ್‌ಸೈಡ್’. ಫುಟ್‌ಬಾಲ್ ಸಿನಿಮಾ, ಫುಟ್‌ಬಾಲೇ ಕಾಣುವುದಿಲ್ಲ! ಇರಾನಿನಲ್ಲಿ ಹೆಂಗಸರಿಗೆ ಸ್ಟೇಡಿಯಂಗೆ ಪ್ರವೇಶವಿರಲಿಲ್ಲ. 2005ರಲ್ಲಿ ಇರಾನ್ ಮತ್ತು ಬಹ್ರೇನ್ ನಡುವಿನ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಕೆಲವು ಹುಡುಗಿಯರು ಗಂಡುವೇಷದಲ್ಲಿ ನುಗ್ಗಿ ಸಿಕ್ಕಿಬೀಳುತ್ತಾರೆ. ನಿರ್ದೇಶಕ ಜಾಫರ್ ಪನಾಹಿ ಆ ನಿಜವಾದ ಪಂದ್ಯ ನಡೆಯುವಾಗಲೇ ಅಲ್ಲಿ ಶೂಟಿಂಗ್ ಮಾಡಿದರು. ಗ್ಯಾಲರಿಯ ಹಿಂಬದಿಯಲ್ಲಿ ಒಂದು ಕಟಕಟೆಯೊಳಗೆ ಹುಡುಗಿಯರನ್ನು ನಿಲ್ಲಿಸಿದ್ದಾರೆ. ಕಾಯುವ ಸೈನಿಕನೊಬ್ಬ ಸಂದಿಯಲ್ಲಿ ಇಣುಕಿ ಕಾಮೆಂಟರಿ ಹೇಳುತ್ತಾನೆ. ಪಾಪ, ಅವನಿಗೆ ಆಟವೇ ಸರಿಯಾಗಿ ಗೊತ್ತಿಲ್ಲ, ಹುಡುಗಿಯರು ಒಳಗಿನಿಂದ ತಿದ್ದುತ್ತಾರೆ. ಜನರ ಕೂಗು ಏರಿದರೆ ಇವರ ಮುಖ ಅರಳುತ್ತದೆ, ಇಳಿದರೆ ಬಾಡುತ್ತದೆ.

ನನಗೆ ಇದು ಯಾಕೆ ಅಷ್ಟು ಹಿಡಿಸಿತು ಗೊತ್ತಾ? ಕಾಲೇಜು ತಂಡದಲ್ಲಿ ನೀನು ಓಪನರ್. ನಾನು ಪ್ಯಾಡ್ ಕಟ್ಟಿಕೊಂಡು ಬೆಂಚಿನ ಮೇಲೆ ಕೂತವನು. ಮುಂದೆ ನಿಂತವರ ಬೆನ್ನು ಅಡ್ಡ, ಮೈದಾನ ಕಾಣುತ್ತಿರಲಿಲ್ಲ. ಕೂಗು ಕೇಳಿಯೇ ಬೌಂಡರಿಯೋ ವಿಕೆಟ್ಟೋ ಅಂತ ಹೇಳುತ್ತಿದ್ದೆ. ಎರಡು ವರ್ಷ ಹಾಗೆ ಕೂತು ಎದ್ದುಬಂದೆ, ಬ್ಯಾಟ್ ಹಿಡಿಯಲಿಲ್ಲ. ನಿನಗೆ ಆಟ ಅಂದರೆ ಸ್ಕೋರ್. ನನಗೆ ಆಟ ಅಂದರೆ ಆ ಬೆಂಚು. ನಮ್ಮಿಬ್ಬರ ಪಟ್ಟಿ ಹೇಗೆ ಒಂದಾಗುತ್ತದೆ ಹೇಳು.

‘ಮನಿಬಾಲ್’ ಕೂಡ ಸೇರಿಸು. ತನ್ನ ಬೇಸ್‌ಬಾಲ್ ತಂಡದ ಪಂದ್ಯ ನೋಡಲು ಧೈರ್ಯವಿಲ್ಲದ ಮ್ಯಾನೇಜರ್ ಕಥೆ ಅದು, ಅಷ್ಟು ಸಾಕು.

‘ಲಗಾನ್’ ಅಂದರೆ ನೀನು ನನ್ನನ್ನು ಹಿಡಿದುಹಾಕುತ್ತೀಯ. ಕೊನೆಯ ಚೆಂಡು, ಸಿಕ್ಸರ್, ಕುಣಿತ, ಎಲ್ಲ ಇದೆ. ನನ್ನ ಪರೀಕ್ಷೆಯಲ್ಲಿ ಫೇಲ್ ಆಗಬೇಕು. ಆದರೂ ನಾನು ಬಿಡಲಾರೆ. ಯಾಕೆಂದರೆ ನನಗೆ ಬೇಕಾದದ್ದು ಅದರ ಪಂದ್ಯವಲ್ಲ, ತಂಡ ಕಟ್ಟುವ ಭಾಗ. ಕೋಳಿ ಹಿಡಿಯುವವನ ಕೈಗೆ ಕ್ಯಾಚ್ ಸಿಗುತ್ತದೆ. ಕವಣೆ ಬೀಸುವವನು ಅದೇ ಬೀಸಿನಲ್ಲಿ ಬೌಲಿಂಗ್ ಮಾಡುತ್ತಾನೆ. ಕಚ್ರಾನ ಊನವಾದ ಕೈಯಿಂದ ಚೆಂಡು ತಿರುಗುತ್ತದೆ, ಆದರೆ ಊರವರು ಅವನನ್ನು ಮುಟ್ಟಲು ಒಲ್ಲರು. ದಿನದ ಕೆಲಸದಲ್ಲಿ ಮೈಗೆ ಹತ್ತಿದ ಚಾಳಿಯೇ ಆಟವಾಗುವುದನ್ನು ಇಷ್ಟು ನಿಧಾನವಾಗಿ ತೋರಿಸಿದ ಬೇರೆ ಚಿತ್ರ ನಾನು ನೋಡಿಲ್ಲ. ಕೊನೆಯ ಕ್ಯಾಚ್ ಹಿಡಿದು ಹಿಗ್ಗುವ ಬ್ರಿಟಿಷ್ ಕ್ಯಾಪ್ಟನ್ ರಸೆಲ್ ತಾನು ಬೌಂಡರಿ ಗೆರೆಯಾಚೆ ನಿಂತಿರುವುದನ್ನು ಕಾಲ ಕೆಳಗೆ ನೋಡಿಕೊಳ್ಳುವಾಗ, ಪ್ರತಿ ಸಲ ನಾನೂ ಬಗ್ಗಿ ನೋಡುತ್ತೇನೆ. ಸರಿ, ನನ್ನ ಪರೀಕ್ಷೆಯಲ್ಲಿ ಪಾಸಾಯಿತು ಬಿಡು.

ಒಂದನ್ನು ಕೊನೆಗೆ ಇಟ್ಟುಕೊಂಡಿದ್ದೆ. ‘ಟೋಕಿಯೊ ಒಲಿಂಪಿಯಾಡ್’, 1965, ನಿರ್ದೇಶಕ ಕೊನ್ ಇಚಿಕಾವಾ. 1964ರ ಒಲಿಂಪಿಕ್ಸ್ ಬಗ್ಗೆ ಚಿತ್ರ ಮಾಡಿಕೊಡಿ ಅಂತ ಕೇಳಿದವರಿಗೆ ಪದಕಗಳ ದಾಖಲೆ ಬೇಕಿತ್ತು. ಈತ ಕೊಟ್ಟದ್ದು ಬೆವರು, ಮಳೆ, ಓಟಗಾರರ ಕಾಲಿನ ನರ. ಮ್ಯಾರಥಾನ್‌ನಲ್ಲಿ ಇಥಿಯೋಪಿಯಾದ ಓಟಗಾರ ಅಬೆಬೆ ಬಿಕಿಲಾನ ಮುಖವನ್ನು ಎಷ್ಟು ಹೊತ್ತು ತೋರಿಸುತ್ತಾರೆಂದರೆ ಅವನು ಯಾರ ಜೊತೆ ಓಡುತ್ತಿದ್ದಾನೆ ಅನ್ನುವುದೇ ಮರೆತುಹೋಗುತ್ತದೆ. ಅದಕ್ಕೂ ಹೆಚ್ಚಾಗಿ ಚಾಡ್ ದೇಶದ ಒಬ್ಬ ಓಟಗಾರ. ದೇಶಕ್ಕೆ ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷ. 800 ಮೀಟರ್‌ನಲ್ಲಿ ಸೆಮಿಫೈನಲ್‌ಗೆ ಹೋಗಿ ಅಲ್ಲಿಗೇ ಮುಗಿಸಿದ. ಆಮೇಲೆ ಊಟದ ಹಾಲ್‌ನಲ್ಲಿ ಒಬ್ಬನೇ ಕೂತು ತಿನ್ನುತ್ತಾನೆ. ಅವನ ಜೊತೆ ಮಾತಾಡುವವರು ಯಾರೂ ಇಲ್ಲ.

ನಿನ್ನ ಪಟ್ಟಿಯಲ್ಲಿ ಆರು ಜಾಗ ಖಾಲಿ ಮಾಡು. ಯಾವುದನ್ನು ತೆಗೆಯಬೇಕು ಅಂತ ನಾನು ಹೇಳಿದರೆ ಮತ್ತೊಂದು ಜಗಳ. ಇಚಿಕಾವಾನನ್ನು ಮೊದಲು ನೋಡು, ಈ ಭಾನುವಾರವೇ. ಆ ಊಟದ ದೃಶ್ಯ ಬಂದಾಗ ನಿಲ್ಲಿಸಿ ನನಗೆ ಫೋನ್ ಮಾಡು. ಅವತ್ತು ನೀನೇ ಮಾತಾಡು, ನಾನು ಕೇಳುತ್ತೇನೆ.

ನಿನ್ನ,
ಬೆಂಚಿನ ಗೆಳೆಯ