ಜಿಡ್ಡು ಬಿಡಬೇಡ, ಮಗಳೇ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ತೂಕ ಏರುತ್ತಿದೆಯೆಂದು ಎಣ್ಣೆ, ಬೆಣ್ಣೆ ಎಲ್ಲವನ್ನೂ ನಿಲ್ಲಿಸಿರುವುದಾಗಿ ನಿನ್ನೆ ನೀನು ಹೇಳಿದಾಗ ನನ್ನ ಎದೆ ಧಸಕ್ಕೆಂದಿತು. ಫೋನಿನಲ್ಲಿ ಗದರಿಸಲು ಮನಸ್ಸಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಬಸಿರಿಗೀಗ ಏಳು ತಿಂಗಳು ತುಂಬುತ್ತಿದೆ. ಮಗುವಿನ ಮೆದುಳು ಭರದಿಂದ ಬೆಳೆಯುವ ಕಾಲವಿದು. ನೀರಿನಂಶ ಕಳೆದರೆ ಮೆದುಳಿನಲ್ಲಿ ಉಳಿಯುವುದರ ಅರ್ಧಕ್ಕೂ ಹೆಚ್ಚು ಪಾಲು ಕೊಬ್ಬೇ. ನರಕೋಶದ ಪೊರೆಯೂ ಕೊಬ್ಬಿನದು, ನರತಂತುವನ್ನು ಸುತ್ತುವ ಮೈಲಿನ್ ಹೊದಿಕೆಯೂ ಕೊಬ್ಬಿನದು. ಅದರಲ್ಲೂ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲ ಈ ಕೊನೆಯ ಮೂರು ತಿಂಗಳಲ್ಲೇ ಮೆದುಳಿನಲ್ಲಿ ಹೆಚ್ಚಾಗಿ ಶೇಖರವಾಗುತ್ತದೆ. ಗರ್ಭದಲ್ಲಿ ಮಗುವಿಗೆ ಆಹಾರ ಒದಗಿಸುವ ಮಾಸು ಅದನ್ನು ನಿನ್ನ ರಕ್ತದಿಂದ ಆರಿಸಿ ಆರಿಸಿ ಮಗುವಿಗೆ ದಾಟಿಸುತ್ತದೆ. ನಿನ್ನಲ್ಲೇ ಇಲ್ಲದಿದ್ದರೆ ಎಲ್ಲಿಂದ ತಂದೀತು?

ಗರ್ಭಿಣಿಗೆ ದಿನಕ್ಕೆ ಕನಿಷ್ಠ 200 ಮಿಲಿಗ್ರಾಂ ಡಿಎಚ್‌ಎ ಬೇಕೆನ್ನುತ್ತಾರೆ. ಮೀನು ತಿನ್ನುವವರಿಗೆ ಅದು ಸುಲಭ. ಪಾದರಸ ಹೆಚ್ಚಿರುವ ಶಾರ್ಕ್‌ನಂಥ ದೊಡ್ಡ ಮೀನು ಬಿಟ್ಟರಾಯಿತು. ನೀನು ಮೀನು ಮುಟ್ಟುವವಳಲ್ಲ. ಅಗಸೆ ಬೀಜ, ಅಕ್ರೋಟು ತಿನ್ನು, ಆದರೆ ಅವುಗಳ ಒಮೆಗಾ-3ರಲ್ಲಿ ತೀರಾ ಸ್ವಲ್ಪ ಮಾತ್ರ ದೇಹದೊಳಗೆ ಡಿಎಚ್‌ಎ ಆಗುತ್ತದೆ. ಪಾಚಿಯಿಂದ ತೆಗೆದ ಡಿಎಚ್‌ಎ ಮಾತ್ರೆ ಸಿಗುತ್ತದೆ, ವೈದ್ಯರನ್ನು ಕೇಳು. ಹಾಂ, ಅಗಸೆಯನ್ನು ಇಡಿಯಾಗಿ ನುಂಗಬೇಡ. ಆ ನುಣುಪು ಸಿಪ್ಪೆ ಕರಗದೆ ಬೀಜ ಹೋದ ಹಾಗೆಯೇ ಹೊರಗೆ ಬರುತ್ತದೆ. ಪುಡಿ ಮಾಡಿಕೋ.

ಬಿಡಲೇಬೇಕಾದ ಕೊಬ್ಬೂ ಒಂದಿದೆ. ಬಿಸ್ಕತ್ತಿನ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ‘ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆ’ ಎಂದಿದ್ದರೆ ಅಲ್ಲೇ ಇಟ್ಟುಬಿಡು. ಅದರಲ್ಲಿರುವುದು ಹೃದಯಕ್ಕೆ ಕೆಡುಕು ಮಾಡುವ ಟ್ರಾನ್ಸ್ ಕೊಬ್ಬು.

ಮಾತ್ರೆ ನುಂಗಿದರೆ ಮಗು ಮೇಧಾವಿಯಾಗುತ್ತದೆಂಬ ಜಾಹೀರಾತನ್ನು ಮಾತ್ರ ನಂಬಬೇಡ. ಆಸ್ಟ್ರೇಲಿಯಾದಲ್ಲಿ ಗರ್ಭಿಣಿಯರಿಗೆ ಡಿಎಚ್‌ಎ ಕೊಟ್ಟು, ಮಕ್ಕಳನ್ನು ಏಳು ವರ್ಷದವರೆಗೂ ಪರೀಕ್ಷಿಸಿ ನೋಡಿದರು, ಬುದ್ಧಿಮತ್ತೆಯೇನೂ ಹೆಚ್ಚಿರಲಿಲ್ಲ. ಆದರೆ ಒಮೆಗಾ-3 ಕೊರತೆಯಿರುವವರು ಅದನ್ನು ತೆಗೆದುಕೊಂಡರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ತಗ್ಗುತ್ತದೆ. ನನಗೆ ಮುಖ್ಯವೆನಿಸುವುದು ಇದೇ. ನನ್ನ ಮೊದಲನೆಯವನು ಎಂಟನೇ ತಿಂಗಳಲ್ಲೇ ಹುಟ್ಟಿದ. ಗಾಜಿನ ಪೆಟ್ಟಿಗೆಯ ರಂಧ್ರದೊಳಗೆ ಕೈ ತೂರಿಸಿ, ನನ್ನ ಕಿರುಬೆರಳಿನಷ್ಟೂ ದಪ್ಪವಿರದ ಅವನ ಬೆರಳುಗಳನ್ನು ಹಿಡಿದು ಹದಿನೆಂಟು ದಿನ ಕಳೆದೆ. ಕಾರಣ ಏನೆಂದು ಯಾರೂ ಹೇಳಲಿಲ್ಲ. ಆ ದಿನಗಳು ನಿನಗೆ ಬರಬಾರದು.

ಇವತ್ತು ಊಟಕ್ಕೆ ಕುಳಿತಾಗ ಎಣ್ಣೆ ಹಾಕಿದ ಪಲ್ಯವನ್ನು ಪಕ್ಕಕ್ಕೆ ಸರಿಸಬೇಡ. ವೈದ್ಯರು ಏನೆಂದರೆಂದು ಫೋನ್ ಮಾಡು, ಕಾಯುತ್ತಿರುತ್ತೇನೆ.

ನಿನ್ನ ದೊಡ್ಡಮ್ಮ